ಸಕ್ಕರೆಯ ಅಂಕಿಯ ಪಕ್ಕದಲ್ಲಿ ಕೆಂಪು ಕಣದ ಅಂಕಿ: ನನ್ನ ಅನುಭವ

ನಮ್ಮ ಪ್ರಯೋಗಾಲಯದಲ್ಲಿ ರಕ್ತಕಣಗಳ ಎಣಿಕೆ ಒಂದು ಮೇಜಿನಲ್ಲಿ, ಸಕ್ಕರೆಯ ಪರೀಕ್ಷೆ ಇನ್ನೊಂದರಲ್ಲಿ ನಡೆಯುತ್ತದೆ. ನಾನೂ ಬಹುಕಾಲ ಅವೆರಡನ್ನು ಸಂಬಂಧವಿಲ್ಲದ ವರದಿಗಳೆಂಬಂತೆಯೇ ಸಹಿ ಮಾಡಿ ಕಳುಹಿಸುತ್ತಿದ್ದೆ. ಆ ಅಭ್ಯಾಸ ತಪ್ಪಿದ್ದು ಒಂದು ರಾತ್ರಿಪಾಳಿಯಲ್ಲಿ.

ಅರೆಪ್ರಜ್ಞೆಯಲ್ಲಿ ದಾಖಲಾಗಿದ್ದ ಮಧುಮೇಹಿಯೊಬ್ಬರ ಹಿಮೋಗ್ಲೋಬಿನ್ 13.2 ಗ್ರಾಂ ಇದ್ದರೆ, ರಕ್ತದಲ್ಲಿ ಕೆಂಪು ಕಣಗಳ ಪಾಲು ತಿಳಿಸುವ ಹೆಮಟೋಕ್ರಿಟ್ ಶೇ 46.8 ಇತ್ತು. ಹಿಮೋಗ್ಲೋಬಿನ್ನಿನ ಮೂರು ಪಟ್ಟಿಗೆ ಹೆಮಟೋಕ್ರಿಟ್ ಹೆಚ್ಚುಕಡಿಮೆ ಸರಿಹೊಂದಬೇಕೆಂಬ ನಮ್ಮ ಹಳೆಯ ಲೆಕ್ಕಕ್ಕೆ ಇದು ಒಗ್ಗಲಿಲ್ಲ. ಕಣದ ಸರಾಸರಿ ಗಾತ್ರ, ಅಂದರೆ ಎಂಸಿವಿ, 104 ಫೆಮ್ಟೋಲೀಟರ್. ಎಂಸಿಎಚ್‌ಸಿ (ಕಣದೊಳಗಿನ ಹಿಮೋಗ್ಲೋಬಿನ್ನಿನ ಸಾಂದ್ರತೆ) ಕೇವಲ 28.2. ರೋಗಿ ಮೆಟ್‌ಫಾರ್ಮಿನ್ ಸೇವಿಸುವವರಾದ್ದರಿಂದ ಬಿ12 ಕೊರತೆಯಿಂದ ಕಣಗಳು ದೊಡ್ಡವಾಗಿರಬೇಕೆಂದು ಮೊದಲು ಊಹಿಸಿದೆ. ಆ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಅದು ಅಪರೂಪವೇನಲ್ಲ. ಆದರೆ ಸ್ಲೈಡಿನಲ್ಲಿ ಕೆಂಪು ಕಣಗಳು ಸಹಜ ಗಾತ್ರದಲ್ಲೇ, ಅಂದರೆ ಸಣ್ಣ ಲಿಂಫೋಸೈಟಿನ (ಒಂದು ಬಗೆಯ ಬಿಳಿ ರಕ್ತಕಣ) ನ್ಯೂಕ್ಲಿಯಸ್‌ನಷ್ಟೇ ಇದ್ದವು. ಬಿ12 ಕೊರತೆಯ ಗುರುತುಗಳಾದ ಮೊಟ್ಟೆಯಾಕಾರದ ದೊಡ್ಡ ಕಣವಾಗಲಿ, ನ್ಯೂಕ್ಲಿಯಸ್ ಆರು ಹೋಳಾದ ನ್ಯೂಟ್ರೋಫಿಲ್ ಎಂಬ ಬಿಳಿ ಕಣವಾಗಲಿ ಕಾಣಲಿಲ್ಲ. ಅಷ್ಟರಲ್ಲಿ ಪಕ್ಕದ ಮೇಜಿನಿಂದ ಗ್ಲೂಕೋಸ್ 920 ಮಿಲಿಗ್ರಾಂ ಎಂಬ ಅಂಕಿ ಬಂತು.

ಕೆಂಪು ಕಣದೊಳಗೆ ಗ್ಲೂಕೋಸ್ ಸೇರಲು ಇನ್ಸುಲಿನ್ ಬೇಕಿಲ್ಲ. ಪ್ಲಾಸ್ಮಾದಲ್ಲಿ ಸಕ್ಕರೆ ಏರಿದಂತೆ ಕಣದೊಳಗೂ ಏರುತ್ತದೆ. ಅಂಥ ಕಣವನ್ನು ಕಣ ಎಣಿಸುವ ಯಂತ್ರ ತನ್ನ ಸಾಧಾರಣ ದ್ರಾವಣಕ್ಕೆ ಬಿಟ್ಟೊಡನೆ, ಒಳಗಿನ ಸಕ್ಕರೆ ಹೊರಬರುವ ಮೊದಲೇ ನೀರು ಒಳನುಗ್ಗಿ ಕಣ ಉಬ್ಬುತ್ತದೆ, ಯಂತ್ರ ಅದನ್ನು ಆ ಕ್ಷಣದಲ್ಲೇ ಅಳೆದುಬಿಡುತ್ತದೆ. ಒಂದು ಪಾಲು ರಕ್ತಕ್ಕೆ ಅದೇ ದ್ರಾವಣವನ್ನು ನಾಲ್ಕು ಪಾಲು ಬೆರೆಸಿ, ಒಳಗಿನ ಸಕ್ಕರೆ ಹೊರಬರಲೆಂದು ಹತ್ತು ನಿಮಿಷ ಹಾಗೆಯೇ ಬಿಟ್ಟು, ಮತ್ತೆ ಓಡಿಸಿದೆ. ಎಂಸಿವಿ 88ಕ್ಕೆ ಇಳಿಯಿತು. ಕಣಗಳ ಸಂಖ್ಯೆಯನ್ನೂ ಹಿಮೋಗ್ಲೋಬಿನ್ನನ್ನೂ ಐದರಿಂದ ಗುಣಿಸಿಕೊಳ್ಳಬೇಕು, ಎಂಸಿವಿಗೆ ಆ ಗುಣಾಕಾರವಿಲ್ಲ. ಅವಸರದಲ್ಲಿ ಮರೆಯುವುದು ಇದನ್ನೇ.

ಅಲ್ಲಿಂದೀಚೆಗೆ ಎಚ್‌ಬಿಎ1ಸಿ (ಹಿಮೋಗ್ಲೋಬಿನ್ನಿಗೆ ಅಂಟಿದ ಸಕ್ಕರೆಯ ಪ್ರಮಾಣ) ವರದಿಯನ್ನೂ ರಕ್ತಕಣಗಳ ಹಾಳೆ ನೋಡದೆ ಬಿಡುವುದಿಲ್ಲ. ಕೆಂಪು ಕಣ ಸುಮಾರು 120 ದಿನ ಬದುಕುವುದೆಂಬ ನಂಬಿಕೆಯ ಮೇಲೆಯೇ ಆ ಪರೀಕ್ಷೆ ನಿಂತಿದೆ. ರಕ್ತ ಒಡೆಯುವ ಕಾಯಿಲೆಯಲ್ಲಿ, ಈಚೆಗೆ ರಕ್ತಸ್ರಾವವಾದವರಲ್ಲಿ, ಕೆಂಪು ಕಣಗಳನ್ನು ಹೆಚ್ಚಿಸುವ ಎರಿಥ್ರೊಪೊಯಿಟಿನ್ ಔಷಧ ಪಡೆಯುವ ಮೂತ್ರಪಿಂಡ ರೋಗಿಗಳಲ್ಲಿ ಸಕ್ಕರೆ ಅಂಟಲು ಸಮಯ ಸಿಗದ ಎಳೆಯ ಕಣಗಳೇ ಹೆಚ್ಚಿದ್ದು, ಅಂಕಿ ನಿಜಕ್ಕಿಂತ ಕೆಳಗೆ ಬರುತ್ತದೆ. ಕಬ್ಬಿಣದ ಕೊರತೆಯಲ್ಲಿ ಸಾಮಾನ್ಯವಾಗಿ ತಿರುವುಮುರುವು.

ಮಧ್ಯವಯಸ್ಸಿನ ಮಹಿಳೆಯೊಬ್ಬರ ಎಚ್‌ಬಿಎ1ಸಿ ಶೇ 6.6 ಬಂದಿತ್ತು, ಮಧುಮೇಹವೆನ್ನಲು 6.5 ಸಾಕು. ಆದರೆ ಖಾಲಿಹೊಟ್ಟೆಯ ಸಕ್ಕರೆ 98, ಹಿಮೋಗ್ಲೋಬಿನ್ 8.9, ಎಂಸಿವಿ 68, ಕಣಗಾತ್ರದ ಏರುಪೇರು ತಿಳಿಸುವ ಆರ್‌ಡಿಡಬ್ಲ್ಯೂ 19. ನಾನು ವೈದ್ಯರಿಗೆ ದೂರವಾಣಿ ಮಾಡಿ, ದೇಹದ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್ ನೋಡುವುದು ಒಳ್ಳೆಯದೆಂದೂ ಸಕ್ಕರೆಯ ತೀರ್ಮಾನವನ್ನು ಗ್ಲೂಕೋಸ್ ಪರೀಕ್ಷೆಗೇ ಬಿಡಬೇಕೆಂದೂ ಹೇಳಿದೆ. ಫೆರಿಟಿನ್ ತೀರಾ ಕಡಿಮೆಯಿತ್ತು; ಗ್ಲೂಕೋಸ್ ಕುಡಿಸಿ ಮಾಡಿದ ಪರೀಕ್ಷೆಯಲ್ಲಿ ಮಧುಮೇಹ ಕಾಣಲಿಲ್ಲ. ಕಬ್ಬಿಣ ಶುರುಮಾಡಿದ ಮೊದಲ ವಾರಗಳಲ್ಲಿ ಹೊಸ ಕಣಗಳ ಹರಿವಿನಿಂದಲೇ ಅಂಕಿ ಕುಸಿಯುವುದರಿಂದ, ಹಿಮೋಗ್ಲೋಬಿನ್ ಸರಿಹೋದ ಮೇಲೂ ಮೂರು ತಿಂಗಳು ಕಾದು ಮರುಪರೀಕ್ಷೆ ಮಾಡಿದೆವು. ಶೇ 6.0 ಬಂತು. ಆ ವರದಿಯ ಅಡಿಯಲ್ಲಿ ಅಂದಿನ ಹಿಮೋಗ್ಲೋಬಿನ್ನನ್ನೂ ಎಂಸಿವಿಯನ್ನೂ ಕೈಯಾರೆ ಬರೆದು ಸಹಿ ಹಾಕಿದೆ.