ವಾಚಿನ ಸ್ಟೀಲ್ ಚೈನು ಕೈಗೆ ಹಿತವಾಗಲು ನಾನು ಮಾಡಿದ್ದು

ಸ್ಟೀಲ್ ಚೈನಿನ ವಾಚು ಕೈಗೆ ಸಿಕ್ಕರೆ ಎಲ್ಲರೂ ಮೊದಲು ತೂಗಿ ನೋಡುತ್ತಾರೆ. ಭಾರ ಇದ್ದರೆ ಗಟ್ಟಿ ಮಾಲು ಅನ್ನುವ ಲೆಕ್ಕ. ನನಗೆ ಆ ಲೆಕ್ಕದಲ್ಲಿ ನಂಬಿಕೆ ಇಲ್ಲ. ಸಂಜೆವರೆಗೂ ಕಟ್ಟಿಕೊಂಡಿದ್ದರೂ ಚೈನು ಇದೆ ಅಂತ ನೆನಪಾಗಬಾರದು. ಅದೇ ನನ್ನ ಪರೀಕ್ಷೆ.

ಹೋಲಿಸುವಾಗ ಚೈನನ್ನು ವಾಚಿನಿಂದ ಬಿಚ್ಚಿಬಿಡುತ್ತೇನೆ. ಡಯಲ್ ಕಣ್ಣೆದುರು ಇದ್ದರೆ ಮನಸ್ಸು ಅದರ ಕಡೆಗೇ ವಾಲುತ್ತದೆ, ಅಲ್ವಾ? ಬರೀ ಚೈನನ್ನು ಬೆರಳ ಮೇಲೆ ಇಳಿಬಿಟ್ಟು ಎಷ್ಟು ಸಲೀಸಾಗಿ ಬಾಗುತ್ತದೆ ಅಂತ ನೋಡುತ್ತೇನೆ. ಆಮೇಲೆ ಒಳಮೈಯ ಅಂಚಿನ ಮೇಲೆ ಉಗುರು ಎಳೆಯುತ್ತೇನೆ. ಉಗುರು ತಡೆದರೆ ಚರ್ಮಕ್ಕೂ ತಡೆಯುತ್ತದೆ.

ಐದು ಸಾಲಿನ ಸಣ್ಣ ಕೊಂಡಿಗಳ ಚೈನು ಈ ಪರೀಕ್ಷೆಯಲ್ಲಿ ಹೆಚ್ಚಾಗಿ ಗೆಲ್ಲುತ್ತದೆ. ರೋಲೆಕ್ಸ್ 1945ರಲ್ಲಿ ಡೇಟ್‌ಜಸ್ಟ್ ಅನ್ನುವ ವಾಚಿನ ಜೊತೆ ತಂದ ಜುಬಿಲಿ ಚೈನು ಇದೇ ಜಾತಿ. ಮೂರು ಸಾಲಿನ ದಪ್ಪ ಕೊಂಡಿಯದ್ದು ನೋಡಲು ಗಟ್ಟಿಮುಟ್ಟು, ಆದರೆ ಸಣ್ಣ ಮಣಿಕಟ್ಟಿನ ಮೇಲೆ ಸುತ್ತಿಕೊಳ್ಳುವುದಿಲ್ಲ, ಸೆಟೆದು ನಿಲ್ಲುತ್ತದೆ. ವಾಚಿನ ಹತ್ತಿರ 20 ಮಿ.ಮೀ. ಅಗಲ ಇದ್ದದ್ದು ಲಾಕ್ ಹತ್ತಿರ 16ಕ್ಕೆ ಇಳಿದಿದ್ದರೆ ಇನ್ನೂ ಹಿತ. ಟೇಬಲ್ ಮೇಲೆ ಕೈ ಇಟ್ಟು ಬರೆಯುವವರಿಗೆ ಇದು ತಕ್ಷಣ ಗೊತ್ತಾಗುತ್ತದೆ. ತಗಡು ಮಡಚಿ ಮಾಡಿದ ಹಳೆಯ ಚೈನುಗಳನ್ನು ಎಲ್ಲರೂ ಬೈಯುತ್ತಾರೆ. ಗಿಲಗಿಲ ಅನ್ನುತ್ತವೆ ನಿಜ, ಆದರೆ ಹಗುರ. ಸೆಕೆಗಾಲದಲ್ಲಿ ನಾನು ಅದನ್ನೇ ಕಟ್ಟುವುದು.

ಇನ್ನು ಸರಿಪಡಿಸುವ ಕೆಲಸ. ಅರ್ಧ ತೊಂದರೆ ಬರೀ ಕೊಳೆಯದ್ದು. ಬೆವರು, ಸೋಪು, ಧೂಳು ಸೇರಿ ಕೊಂಡಿಗಳ ಸಂದಿಯಲ್ಲಿ ಕಪ್ಪು ಜಿಡ್ಡು ಕಟ್ಟಿ ಚೈನು ಬಿಗಿಯುತ್ತದೆ. ಬಿಚ್ಚಿದ ಚೈನನ್ನು ಪಾತ್ರೆ ಸೋಪು ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಮೆತ್ತನೆ ಟೂತ್ ಬ್ರಷ್‌ನಿಂದ ತಿಕ್ಕಿ, ಪೂರ್ತಿ ಒಣಗಿಸುತ್ತೇನೆ. ಎಣ್ಣೆ ಹಾಕುವುದಿಲ್ಲ. ಹಾಕಿದರೆ ಧೂಳು ಇನ್ನೂ ಜಾಸ್ತಿ ಅಂಟುತ್ತದೆ.

ಎಲ್ಲಕ್ಕಿಂತ ಹೆಚ್ಚು ಬದಲಾವಣೆ ಬಂದದ್ದು ಕೊಂಡಿಗಳನ್ನು ಎರಡೂ ಕಡೆ ಸರಿಯಾಗಿ ಹಂಚಿದಾಗ. ಲಾಕ್ ಮಣಿಕಟ್ಟಿನ ಅಡಿಯಲ್ಲಿ ನಟ್ಟನಡುವೆ ಕೂರಬೇಕು. ಒಂದು ಪಕ್ಕಕ್ಕೆ ಸರಿದರೆ ವಾಚು ಇನ್ನೊಂದು ಪಕ್ಕಕ್ಕೆ ಜಾರುತ್ತದೆ. ನನ್ನ ಕೈಗೆ ಡಯಲಿನ ಆರರ ಕಡೆ ಕಡಿಮೆ ಕೊಂಡಿ, ಹನ್ನೆರಡರ ಕಡೆ ಜಾಸ್ತಿ ಇದ್ದರೆ ಸರಿ. ಪಿನ್ ತೆಗೆಯುವಾಗ ಕೊಂಡಿಯ ಒಳಗಡೆ ಇರುವ ಬಾಣದ ಗುರುತಿನ ದಿಕ್ಕಿಗೇ ತಳ್ಳಬೇಕು, ಹಾಕುವಾಗ ಉಲ್ಟಾ. ಕೆಲವು ಚೈನುಗಳಲ್ಲಿ ಪಿನ್ ಜೊತೆ ಸಾಸಿವೆಯಷ್ಟು ಸಣ್ಣ ಕೊಳವೆ ಇರುತ್ತದೆ. ಅದು ಬಿದ್ದರೆ ಸಿಗುವುದಿಲ್ಲ, ಹಾಗಾಗಿ ಕೆಳಗೆ ಟವೆಲ್ ಹಾಸಿಕೊಂಡೇ ಕೂರುತ್ತೇನೆ. ಕೊಂಡಿ ತೆಗೆದರೆ ಬಿಗಿ, ಬಿಟ್ಟರೆ ಸಡಿಲ ಅನ್ನಿಸಿದಾಗ ಲಾಕ್ ಪಕ್ಕದ ಸಣ್ಣ ತೂತುಗಳು ಇವೆಯಲ್ಲ, ಅಲ್ಲಿ ಸ್ಪ್ರಿಂಗ್ ಬಾರ್ (ತುದಿ ಒತ್ತಿದರೆ ಒಳಗೆ ಹೋಗುವ ಸಣ್ಣ ಕಡ್ಡಿ) ಒಂದು ತೂತು ಸರಿಸಿದರೆ ಸಾಕು. ಸೆಕೆಗೆ ಕೈ ಸ್ವಲ್ಪ ಊದುತ್ತದೆ. ಅದಕ್ಕೆ ಕಿರುಬೆರಳ ತುದಿ ಒಳಗೆ ಹೋಗುವಷ್ಟು ಜಾಗ ಬಿಡುತ್ತೇನೆ.

ಅಂಚು ಚೂಪಾಗಿದ್ದರೆ 1500 ನಂಬರಿನ ಉಜ್ಜುಕಾಗದ, ಆಮೇಲೆ 2000ದ್ದು, ನೀರು ಹಚ್ಚಿ. ಕಾಗದವನ್ನು ಬೆಂಕಿಕಡ್ಡಿಗೆ ಸುತ್ತಿ ಒಳಗಡೆಯ ಅಂಚನ್ನು ಮಾತ್ರ ಹಗುರವಾಗಿ ಸವರುತ್ತೇನೆ. ಹೊರಮೈ ಮುಟ್ಟುವುದಿಲ್ಲ. ಚಿನ್ನದ ಬಣ್ಣ ಅಥವಾ ಕಪ್ಪು ಲೇಪನ ಇರುವ ಚೈನಿಗೆ ಈ ಕೆಲಸ ಬೇಡವೇ ಬೇಡ, ಲೇಪನ ಎದ್ದುಹೋಗುತ್ತದೆ.

ವಾಚಿಗೆ ಚೈನು ಸೇರುವ ಕಡೆ ಲೊಡಲೊಡ ಅಂದರೆ ಸ್ಪ್ರಿಂಗ್ ಬಾರ್ ನೋಡಬೇಕು. 1.5 ಮಿ.ಮೀ. ದಪ್ಪದ್ದು ಇದ್ದು, ತೂತಿನಲ್ಲಿ ಜಾಗ ಇದ್ದರೆ 1.8ರದ್ದು ಹಾಕಿದರೆ ಅಲುಗಾಟ ಕಡಿಮೆಯಾಗುತ್ತದೆ. ಒಳಗೆ ಪಿನ್ನೂ ತೂತೂ ಸವೆದು ಚೈನು ಜೋತು ಬಿದ್ದಿದ್ದರೆ ಮಾತ್ರ ನಾನು ಸುಮ್ನೆ ಹೊಸದು ಹಾಕುತ್ತೇನೆ. ಆಗ ಅಗಲ ಅಳೆದರೆ ಸಾಲದು, ಎರಡೂ ತುದಿಯ ಕೊಂಡಿಯ ಬಾಗು ವಾಚಿನ ಮೈಗೆ ಕೂರುತ್ತದಾ ಅಂತಲೂ ಇಟ್ಟು ನೋಡುತ್ತೇನೆ.