ಸಾರ್ವೆಯಿಂದ ಬಿದ್ದೆ, ಚೀಟಿಯಲ್ಲಿ ಮೆಟ್ಟಿಲು ಅಂತ ಬರೆದರು

2021ರ ಫೆಬ್ರವರಿ. ಬೆಂಗಳೂರಿನಲ್ಲಿ ಒಂದು ಅಪಾರ್ಟ್‌ಮೆಂಟಿನ ಹೊರಗೋಡೆಗೆ ಗಾರೆ ಹಾಕುತ್ತಿದ್ದೆ. ಎರಡನೇ ಮಹಡಿಯಲ್ಲಿ ಸಾರ್ವೆಯ ಹಲಗೆ ಜಾರಿತು, ಜೊತೆಗೆ ನಾನೂ. ಬಲಗಾಲಿನ ಹಿಮ್ಮಡಿ ಮೂಳೆ ಪುಡಿಯಾಯಿತು. ಆಗ ನನಗೆ 35.

ಆಸ್ಪತ್ರೆಗೆ ಕರೆದೊಯ್ದದ್ದು ಮೇಸ್ತ್ರಿಯೇ. ಹೇಗಾಯ್ತು ಅಂತ ಕೇಳಿದಾಗ, 'ಮನೆ ಮೆಟ್ಟಿಲಿಂದ ಬಿದ್ದ ಸಾರ್' ಅಂದುಬಿಟ್ಟ. ನೋವಿನಲ್ಲಿ ನಾನು ಸುಮ್ನಿದ್ದೆ. ಆ ಒಂದು ಸಾಲು ಎರಡು ವರ್ಷ ಕಾಡಿತು.

ಮೂರನೇ ದಿನ ಹೆಂಡತಿ ಚೀಟಿ ಓದಿ ಜಗಳ ತೆಗೆದಳು. ಡಾಕ್ಟರು ಹಳೆಯ ಸಾಲು ಹೊಡೆದು ಹಾಕಲಿಲ್ಲ. ಕೆಳಗೆ ತಾರೀಖು ಹಾಕಿ, ಕೆಲಸದ ಜಾಗದಲ್ಲಿ ಬಿದ್ದದ್ದು ಎಂದು ರೋಗಿ ಹೇಳುತ್ತಾನೆ ಅಂತ ಬರೆದರು. ಅದೇ ಸಂಜೆ ಸ್ಟೇಷನ್ನಿಗೂ ದೂರು ಕೊಟ್ಟಳು. ಪುಣ್ಯಾತ್ಗಿತ್ತಿ.

ವಾರದ ಮೇಲೆ ಮೇಸ್ತ್ರಿ 20 ಸಾವಿರ, ಒಂದು ಛಾಪಾ ಕಾಗದ ಎರಡೂ ತಂದ. ಇನ್ನೇನೂ ಕೇಳಲ್ಲ ಅಂತ ಸಹಿ ಹಾಕಬೇಕಂತೆ. ನಾನು ಹಾಕಲಿಲ್ಲ. ಹಾಕಿದ್ದರೂ ನಡೆಯುತ್ತಿರಲಿಲ್ಲ ಅಂತ ಆಮೇಲೆ ವಕೀಲರು ಹೇಳಿದರು: 1923ರ ನೌಕರರ ಪರಿಹಾರ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಹಕ್ಕು ಬಿಟ್ಟುಕೊಡುವ ಕರಾರಿಗೆ ಬೆಲೆ ಇಲ್ಲ. ಕಂಟ್ರಾಕ್ಟರ್ ಕೈ ಎತ್ತಿದರೆ ಬಿಲ್ಡರನ್ನೂ ಹಿಡಿಯಬಹುದು, ಅದು 12ನೇ ಸೆಕ್ಷನ್. ಇಬ್ಬರ ಮೇಲೂ ಹಾಕಿದೆವು.

ಕೇಸು ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ನಡೆಯಿತು. ಅವರ ವಕೀಲರು ಆ ಮೆಟ್ಟಿಲನ್ನೇ ಹಿಡಿದು ಜಗ್ಗಿದರು. ನಾನು ಅವರ ಕೆಲಸದವನೇ ಅಲ್ಲ ಅಂತಲೂ ಅಂದರು. ಆಗ ನನ್ನನ್ನು ಉಳಿಸಿದ್ದು ಫೋನು. ಪ್ರತಿ ಶನಿವಾರ ಮೇಸ್ತ್ರಿ ಹಾಕಿದ ಬಟವಾಡೆ ಫೋನ್‌ಪೇಯಲ್ಲಿ ಸಾಲಾಗಿ ಇತ್ತು. ಕೈಗೆ ಎಣಿಸಿ ಕೊಟ್ಟಿದ್ದರೆ ಏನು ತೋರಿಸೋದು, ಅಲ್ವಾ? ನೀನೇ ಹುಷಾರಾಗಿರಲಿಲ್ಲ ಅನ್ನೋ ವಾದವೂ ಬಂತು. ಆ ಕಾಯ್ದೆಯಲ್ಲಿ ಬರೀ ಅಜಾಗರೂಕತೆ ಪರಿಹಾರಕ್ಕೆ ಅಡ್ಡಿಯಾಗಿರಲಿಲ್ಲ. ಕುಡಿದು ಬಿದ್ದರೆ, ಕೊಟ್ಟ ಬೆಲ್ಟನ್ನು ಬೇಕಂತಲೇ ಬಿಚ್ಚಿಟ್ಟರೆ ತೊಂದರೆಯಿತ್ತು. ನಮಗೆ ಬೆಲ್ಟೇ ಕೊಟ್ಟಿರಲಿಲ್ಲ.

ಲೆಕ್ಕ ಹೀಗೆ ಬಂತು. ನನ್ನ ದುಡಿಮೆ ತಿಂಗಳಿಗೆ 20 ಸಾವಿರದ ಮೇಲಿದ್ದರೂ ಆಗ ಕಾನೂನು ಲೆಕ್ಕಕ್ಕೆ ಹಿಡಿಯುತ್ತಿದ್ದದ್ದು 15,000 ಮಾತ್ರ. ಇದು ನನಗೆ ಇವತ್ತಿಗೂ ಅನ್ಯಾಯ ಅನಿಸುತ್ತದೆ. ಅದರ 60 ಶೇಕಡಾ 9,000. 35 ವಯಸ್ಸಿಗೆ ಕಾಯ್ದೆಯ ಪಟ್ಟಿಯಲ್ಲಿದ್ದ ಅಂಕಿ 197.06. ಗುಣಿಸಿದರೆ 17,73,540. ದುಡಿಯುವ ಶಕ್ತಿ 15 ಶೇಕಡಾ ಕಮ್ಮಿಯಾಗಿದೆ ಅಂತ ಕೋರ್ಟು ಒಪ್ಪಿತು, ಹಾಗಾಗಿ 2,66,031. ಬಿದ್ದ ದಿನದಿಂದ ಒಂದು ತಿಂಗಳು ಕಳೆದ ಮೇಲೆ 12 ಶೇಕಡಾ ಬಡ್ಡಿ, ವರ್ಷಕ್ಕೆ ಸುಮಾರು 32 ಸಾವಿರ. ಆಸ್ಪತ್ರೆ ಖರ್ಚು ಬೇರೆ, ಆದರೆ ಬಿಲ್ ಇದ್ದಷ್ಟಕ್ಕೇ. ಆಟೋದವನಿಗೆ, ಮೆಡಿಕಲ್ ಸ್ಟೋರಿಗೆ ಚೀಟಿ ಇಲ್ಲದೆ ಕೊಟ್ಟದ್ದೆಲ್ಲ ಹೋಯಿತು.

ನನ್ನ ಕೇಸು ಹಳೆಯ ಕಾಯ್ದೆಯಲ್ಲಿ ಮುಗಿಯಿತು. 2025ರ ನವೆಂಬರಿನಿಂದ ಅದರ ಬದಲು ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಹೊಸದಾಗಿ ಬಿದ್ದವರು ವಕೀಲರ ಹತ್ತಿರ ಅದನ್ನೇ ಕೇಳಬೇಕು. ನಮ್ಮ ಹುಡುಗರಿಗೆ ನಾನು ಹೇಳೋದು ಇಷ್ಟೇ: ಆಸ್ಪತ್ರೆಗೆ ಮೇಸ್ತ್ರಿ ಒಬ್ಬನನ್ನೇ ಕಳಿಸಬೇಡಿ, ಜೊತೆಗೆ ನೀವೂ ಒಬ್ಬರು ಹೋಗಿ.