ಎರಡು ತಕ್ಕಡಿ ಇಟ್ಟುಕೊಂಡ ಮೇಲೆ ನನ್ನ ವೋಟು ಕೆಲಸ ಮಾಡಿತು

ನಾನು ಯಾವ ಪಕ್ಷದವನೂ ಅಲ್ಲ. ಯಾರೇ ಬಂದರೂ ಜಗಲಿ ಮೇಲೆ ಕೂರಿಸಿ ಮಾತಾಡಿಸುತ್ತೇನೆ. "ಹೀಗಿದ್ದರೆ ನಿನ್ನ ವೋಟು ನೀರಲ್ಲಿ ಹೋಮ" ಎಂದು ನಮ್ಮ ಭಾವ ಹದಿನೈದು ವರ್ಷದಿಂದ ಹೇಳುತ್ತಿದ್ದರು. 2023ರ ವಿಧಾನಸಭೆ ಚುನಾವಣೆ ಆದಮೇಲೆ ಆ ಮಾತು ನಿಂತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸೋತ ಕಥೆ. 2008ರಲ್ಲಿ ಗಾಳಿ ನೋಡಿ ದೊಡ್ಡ ಪಕ್ಷಕ್ಕೆ ಹಾಕಿದೆ. ಗೆದ್ದವರು ನಮ್ಮ ಬೀದಿಗೆ ಮತ್ತೆ ಬಂದದ್ದು 2013ಕ್ಕೆ, ಮತ್ತೆ ವೋಟು ಕೇಳೋಕೆ. 2014ರ ಲೋಕಸಭೆಗೆ ಸಿಟ್ಟಿನಿಂದ ನೋಟಾ ಒತ್ತಿದೆ. ನೋಟಾಗೆ ಎಲ್ಲರಿಗಿಂತ ಜಾಸ್ತಿ ಬಂದರೂ ಅದರ ನಂತರದವರೇ ಗೆಲ್ಲುತ್ತಾರೆ ಎಂದು ಆಮೇಲೆ ಗೊತ್ತಾಯಿತು. 2018ರಲ್ಲಿ ಒಂದು ಸಣ್ಣ ಪಕ್ಷಕ್ಕೆ ಹಾಕಿದ್ದಲ್ಲದೆ ಕೈಯಿಂದ ಎರಡು ಸಾವಿರ ಕೊಟ್ಟೆ, ರಸೀದಿ ಕೇಳಲಿಲ್ಲ. ಆರನೇ ಒಂದು ಪಾಲು ಮತ ಬರದೆ ಠೇವಣಿ ಹೋಯಿತು. ತಿಂಗಳೊಳಗೆ ಕಚೇರಿ ಬೋರ್ಡೂ ಇಳಿಯಿತು. ಆ ಎರಡು ಸಾವಿರಕ್ಕಿಂತ ಜಾಸ್ತಿ ನೋವಾದದ್ದು ಆ ಬೋರ್ಡು ನೋಡಿ.

ಆಗ ತಲೆಗೆ ಹೋಯಿತು, ನಾನು ಕೇಳುತ್ತಿದ್ದ ಪ್ರಶ್ನೆಗಳೇ ಅದಲು ಬದಲಾಗಿದ್ದವು. ಸಣ್ಣ ಪಕ್ಷದವರನ್ನು "ರಸ್ತೆ ಮಾಡಿಸ್ತೀರಾ?" ಅಂತ ಕೇಳುತ್ತಿದ್ದೆ. ಅಧಿಕಾರ ಇಲ್ಲದವರು ಎಲ್ಲಿಂದ ಮಾಡಿಸುತ್ತಾರೆ? ದೊಡ್ಡ ಪಕ್ಷದ ಅಭ್ಯರ್ಥಿಯನ್ನು "ಸದನದಲ್ಲಿ ನಿಮ್ಮ ನಿಲುವೇನು?" ಅಂತ ಕೇಳುತ್ತಿದ್ದೆ. ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಆದೇಶ, ಮೀರಿ ಮತ ಹಾಕಿದರೆ ಶಾಸಕ ಸ್ಥಾನವೇ ಹೋಗಬಹುದು, ಅವರ ಸ್ವಂತ ನಿಲುವು ಕಟ್ಟಿಕೊಂಡು ಏನು ಮಾಡೋದು?

ಅವತ್ತೇ ಇನ್ನೂರು ಪುಟದ ನೋಟ್‌ಬುಕ್ ತಂದೆ. ಒಂದು ಕಡೆಯಿಂದ ದೊಡ್ಡ ಪಕ್ಷಗಳು: ಅಧಿಕಾರ ಇದ್ದಾಗ ಇಲ್ಲಿ ಏನು ಮಾಡಿಸಿದರು. ತಿರುಗಿಸಿ ಇನ್ನೊಂದು ಕಡೆಯಿಂದ ಸಣ್ಣವು ಮತ್ತು ಪಕ್ಷೇತರರು: ಚುನಾವಣೆ ಇಲ್ಲದ ವರ್ಷ ಎಲ್ಲಿದ್ದರು. ತೂಕದ ಕಲ್ಲು ಬೇರೆ ಬೇರೆ.

ನಮ್ಮ ಬೀದಿ ತುದಿಯ ಶಾಲೆಗೆ 2019ರಲ್ಲಿ ನೀರಿನ ಟ್ಯಾಂಕ್ ಮಂಜೂರಾಗಿದೆ ಎಂದು ಮಾತಿತ್ತು. ನೆಲದ ಮೇಲೆ ನಾಲ್ಕು ಸಿಮೆಂಟ್ ಕಂಬ ಬಿಟ್ಟರೆ ಏನೂ ಇರಲಿಲ್ಲ. 2021ರಲ್ಲಿ ಒಂದು ಸಣ್ಣ ಪಕ್ಷದ ಹುಡುಗ ಬಂದ. ಹಿಂದೆ ನಿಂತು ಸೋತವನೇ. ಜಗಲಿ ಮೇಲೆ ಕೂತು, ನನ್ನ ನೋಟ್‌ಬುಕ್ಕಿನ ಟ್ಯಾಂಕ್ ಪುಟವನ್ನು ತನ್ನ ಡೈರಿಗೆ ಅಕ್ಷರ ಅಕ್ಷರ ಇಳಿಸಿಕೊಂಡ. ಪೆನ್ನು ಮುಗಿಯಿತು, ನನ್ನದು ಕೊಟ್ಟೆ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ. ಮೊದಲನೆಯದಕ್ಕೆ ಉತ್ತರವೇ ಬರಲಿಲ್ಲ. ಮೇಲ್ಮನವಿ ಹಾಕಿದ ಮೇಲೆ ಅರವತ್ತು ಪುಟದಷ್ಟು ಬಂತು. ಎಲ್ಲಿ ನಿಂತಿದೆ, ಯಾರ ಸಹಿ ಬಾಕಿ, ಎಲ್ಲ ಅದರಲ್ಲಿತ್ತು.

2023ರ ಪ್ರಚಾರದಲ್ಲಿ ಮೂವತ್ತೈದು ಮನೆಯವರು ಸೇರಿ, ಬಂದ ಇಬ್ಬರು ದೊಡ್ಡ ಪಕ್ಷದ ಅಭ್ಯರ್ಥಿಗಳ ಮುಂದೆ ಅದೇ ಕಾಗದ ಇಟ್ಟೆವು. ಒಬ್ಬರು "ನೋಡೋಣ" ಅಂದರು. ಇನ್ನೊಬ್ಬರು ಅಲ್ಲೇ ನಿಂತು ಎಂಜಿನಿಯರಿಗೆ ಫೋನ್ ಹಚ್ಚಿದರು. ಕೇಳಿದ್ದು ಎರಡು ಪ್ರಶ್ನೆ. ಮೊದಲನೆಯದು ಟ್ಯಾಂಕಿನದು. ಎರಡನೆಯದು ಇಲ್ಲಿ ಬರೆಯುವುದಿಲ್ಲ, ಮುಂದಿನ ಸಲಕ್ಕೂ ಬೇಕು. ಫೋನ್ ಹಚ್ಚಿದವರು ಗೆದ್ದರು. ನಾಲ್ಕು ತಿಂಗಳಿಗೆ ಟ್ಯಾಂಕಿಗೆ ನೀರು ಬಂತು. ಈಗ ಪಕ್ಕದ ಎರಡು ಬೀದಿಯವರು ನನ್ನ ನೋಟ್‌ಬುಕ್ ನೋಡಲು ಬರುತ್ತಾರೆ. ನಾನು ಯಾರಿಗೆ ಹಾಕಿದೆ ಎಂಬುದು ಭಾವನಿಗೂ ಹೇಳಿಲ್ಲ.

ಖರ್ಚು ಎಲ್ಲ ಸೇರಿ ಮೂರು ಸಾವಿರದ ಹತ್ತಿರ ಇರಬೇಕು. ಜೆರಾಕ್ಸ್, ಪೆಟ್ರೋಲ್, ಎರಡು ದಿನ ಅಂಗಡಿ ಮುಚ್ಚಿದ್ದು. ಇದರ ಜೊತೆಗೆ ಅಭ್ಯರ್ಥಿಗಳು ತಮ್ಮ ಆಸ್ತಿ, ಕೇಸು ಬರೆದು ಕೊಡುವ ಅಫಿಡವಿಟ್‌ಗಳನ್ನೂ ಪ್ರಿಂಟ್ ತೆಗೆಸಿ, ಒಬ್ಬರದೇ 2018ರದನ್ನೂ 2023ರದನ್ನೂ ಪಕ್ಕ ಪಕ್ಕ ಇಟ್ಟು ಆಸ್ತಿ ತಾಳೆ ನೋಡಿದೆ. ಒಂದು ರಾತ್ರಿ ಪೂರ್ತಿ ಹಿಡಿಯಿತು. ಆಸ್ತಿ ಬೆಳೆದದ್ದು ಕಂಡಿತು, ಹೇಗೆ ಬೆಳೆಯಿತು ಎಂಬುದು ಕಾಣಲಿಲ್ಲ. ಅದರಲ್ಲಿ ಕೇಸುಗಳನ್ನು ಬರೆದ ಭಾಗ ಮಾತ್ರ ತಪ್ಪದೆ ಓದಿ.

"ಮೂವತ್ತೈದು ಮನೆಯಿಂದ ಏನಾಗುತ್ತೆ" ಅನ್ನುವವರಿಗೆ ಎರಡು ಲೆಕ್ಕ ಹೇಳುತ್ತೇನೆ. 2004ರ ವಿಧಾನಸಭೆ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಮತದಿಂದ. 2023ರಲ್ಲಿ ಜಯನಗರ ಕ್ಷೇತ್ರದ ಗೆಲುವಿನ ಅಂತರ 16 ಮತ. ಅದೇ ವರ್ಷ 224 ಕ್ಷೇತ್ರಗಳಲ್ಲಿ ಮೂರು ದೊಡ್ಡ ಪಕ್ಷ ಬಿಟ್ಟು ಗೆದ್ದವರು ನಾಲ್ಕೇ ಜನ. ಅದಕ್ಕೇ ಸಣ್ಣ ಪಕ್ಷವನ್ನು ಗೆಲುವಿನಿಂದ ಅಳೆಯಬೇಡಿ ಅನ್ನುವುದು. ಟ್ಯಾಂಕಿನ ಕಾಗದ ತಂದದ್ದು ಸೋತ ಹುಡುಗ ಅಲ್ವಾ?

ಈಗ ಇದನ್ನೇ ಗ್ರಾಮ ಪಂಚಾಯಿತಿಗೂ ಹಚ್ಚಿ ನೋಡುತ್ತಿದ್ದೇನೆ. ಅಲ್ಲಿ ಪಕ್ಷದ ಚಿಹ್ನೆಯೇ ಇಲ್ಲ, ಯಾರನ್ನು ಯಾವ ಕಡೆ ಬರೆಯೋದು ಎಂದು ಇನ್ನೂ ಹೊಂದಿಲ್ಲ. ಸದ್ಯಕ್ಕೆ ನಡುವಿನ ಪುಟಗಳನ್ನು ಖಾಲಿ ಬಿಟ್ಟಿದ್ದೇನೆ.